ಕೇಳಿಸದಿದ್ದರೆ ಕೇಳು

ಪುಟ್ಟಾ, ಕಳೆದ ಆದಿತ್ಯವಾರ ನೀನು ಕಿಟಕಿಯ ಬಳಿ ಕೂತು ಪಟ್ಟಿಯೊಂದನ್ನು ಬಾಯಿಪಾಠ ಮಾಡುತ್ತಿದ್ದೆ. ನಿನ್ನ ಕಿವಿಯಲ್ಲಿ ಇಯರ್‌ಫೋನು, ನನ್ನ ಕಿವಿಯಂತ್ರ ಮೇಜಿನ ಮೇಲೆ. ನಿನ್ನ ತುಟಿ ಅಲ್ಲಾಡಿದ್ದಷ್ಟೇ ನನಗೆ ಕಂಡದ್ದು. ನೀನು ಎದ್ದು ಒಳಗೆ ಹೋದ ಮೇಲೆ ಕನ್ನಡಕ ಹಾಕಿಕೊಂಡು ಪುಸ್ತಕ ನೋಡಿದೆ, ತಪ್ಪು ತಿಳಿಯಬೇಡ. ಒಂದು ಸಾಲಿನಲ್ಲಿ ಇಂಗ್ಲಿಷು, ಎದುರಿಗೆ ಕನ್ನಡ. ಸೌಂಡ್ ಅಂದರೆ ಶಬ್ದ, ನಾಯ್ಸ್ ಅಂದರೂ ಶಬ್ದ. ಹಿಯರ್ ಅಂದರೆ ಕೇಳು, ಲಿಸನ್ ಅಂದರೂ ಕೇಳು. ಸೈಲೆಂಟ್, ಕ್ವಾಯೆಟ್ ಎರಡಕ್ಕೂ ಮೌನ. ಹೀಗೆ ಎರಡು ಪುಟ. ಕಾರ್ಕಳದಿಂದ ಮುಂಬಯಿಗೆ ಬಂದು ತಿಂಗಳಾಗುವ ಮೊದಲೇ ಚಕಾಲಾದ ಆಫೀಸಿನಲ್ಲಿ ಫೋನೆತ್ತಿ ಗಿರಾಕಿಗಳಿಗೆ ಉತ್ತರ ಹೇಳುವ ಕೆಲಸ ಹಿಡಿದವಳು ನೀನು. ನಿನ್ನ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಆ ಪಟ್ಟಿಯನ್ನು ನೂರು ಸಲ ಓದಿದರೂ ಉಪಯೋಗವಿಲ್ಲ ಮಾರಾಯ್ತಿ.

ನಾನೂ ಹಾಗೆಯೇ ಕಲಿತವನು. 1967ರಲ್ಲಿ ಹದಿನಾಲ್ಕರ ಹುಡುಗನಾಗಿ ಬಂದು, ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಶಾಲೆಗೆ ಹೋಗುತ್ತಿದ್ದೆ. ಆಗ ಮುಂಬಯಿಯಲ್ಲಿ ನಮ್ಮಂಥ ಹುಡುಗರಿಗೆಂದೇ ಬಿಲ್ಲವರ ಅಸೋಸಿಯೇಶನ್, ಮೊಗವೀರ ಮಂಡಳಿಯಂಥ ಸಂಸ್ಥೆಗಳ ಕನ್ನಡ ರಾತ್ರಿಶಾಲೆಗಳಿದ್ದವು. ಕಣ್ಣು ಎಳೆಯುತ್ತಿರುವಾಗ ಬೋರ್ಡಿನ ಮೇಲಿನ ಪದಗಳನ್ನು ಬರೆದುಕೊಳ್ಳುತ್ತಿದ್ದೆವು, ಮರುದಿನ ಮರೆಯುತ್ತಿದ್ದೆವು. ಅದೇ ಪದಗಳ ಸದ್ದೆಲ್ಲ ಹಗಲು ನಮ್ಮ ಕೈಯ ಕೆಳಗೇ ಆಗುತ್ತಿತ್ತು ಎಂದು ಹೊಳೆಯಲು ನನಗೆ ವರ್ಷಗಳು ಬೇಕಾದವು.

ಮೊದಲು ಕೇಳು ಎಂಬುದನ್ನೇ ನೋಡು. ನಮ್ಮ ಕೇಳು ಒಂಟಿ ಪದವಲ್ಲ. ಹಾಡು ಕೇಳುತ್ತೇವೆ, ದಾರಿ ಕೇಳುತ್ತೇವೆ, ಸಾಲ ಕೇಳುತ್ತೇವೆ, ಮಕ್ಕಳು ಹೇಳಿದ ಮಾತು ಕೇಳುವುದಿಲ್ಲ. ನಮ್ಮ ತುಳುವಿನ ಕೇನುನಿಯೂ ಹಾಗೆಯೇ. ಇಂಗ್ಲಿಷಿನಲ್ಲಿ ಇದು ನಾಲ್ಕು ಮನೆಯಾಗಿ ಪಾಲಾಗಿದೆ: ಹಿಯರ್, ಲಿಸನ್, ಆಸ್ಕ್, ಒಬೇ. ಹಿಯರ್, ಲಿಸನ್‌ಗಳ ವ್ಯತ್ಯಾಸ ಹೇಳಲು ವ್ಯಾಕರಣದ ಪುಸ್ತಕ ಬೇಡ, ನಿನ್ನ ಬಾಯಲ್ಲೇ ಉಂಟು. ಕೇಳಿಸಿತು ಅಂದರೆ ಹಿಯರ್. ಅದು ತಾನಾಗಿ ಆಗುವಂಥದ್ದು, ನಿನ್ನ ಅಪ್ಪಣೆ ಬೇಕಿಲ್ಲ. ಕಿವಿಗೊಟ್ಟೆ, ಆಲಿಸಿದೆ ಅಂದರೆ ಲಿಸನ್. ಲಿಸನ್ ಆದ ಮೇಲೆ ಟು ಹಾಕಲು ಎಲ್ಲರೂ ಮರೆಯುತ್ತಾರೆ. ನೀನು ಮರೆಯಬಾರದೆಂದಿದ್ದರೆ ಮಾತಿಗೆ ಕಿವಿಗೊಡು ಎಂದು ಮನಸ್ಸಿನಲ್ಲಿ ಹೇಳಿಕೋ. ಆ ಮಾತಿಗೆಯಲ್ಲಿರುವ ಗೆ ಇದೆಯಲ್ಲ, ಅದೇ ಟು. ಇನ್ನೊಂದು ತಮಾಷೆ, ಲಿಸನ್ ಬರೆಯುವಾಗ ನಡುವೆ ಟಿ ಹಾಕಬೇಕು, ಹೇಳುವಾಗ ನುಂಗಬೇಕು. ಕಿವಿಗೊಡು ಎನ್ನುವ ಪದದ ಹೊಟ್ಟೆಯಲ್ಲೇ ಕೇಳಿಸದ ಅಕ್ಷರ!

ನಾಯ್ಸ್‌ಗೆ ಶಬ್ದ ಎಂದು ಬರೆದದ್ದನ್ನು ಹೊಡೆದುಹಾಕು. ಸೌಂಡ್ ಸದ್ದು, ವಾಯ್ಸ್ ದನಿ, ನಾಯ್ಸ್ ಗದ್ದಲ. ಹಕ್ಕಿಯ ದನಿಯನ್ನು ಯಾರೂ ನಾಯ್ಸ್ ಎನ್ನುವುದಿಲ್ಲ, ರಾತ್ರಿಪಾಳಿ ಮುಗಿಸಿ ಬೆಳಿಗ್ಗೆ ಮಲಗಿದವನ ಹೊರತು.

ಈಗ ಹೋಟೆಲಿಗೆ ಬಾ. ಕಾವಲಿಗೆ ನೀರು ಚಿಮುಕಿಸಿದರೆ ಚುಂಯ್ ಅನ್ನುತ್ತದಲ್ಲ, ಅದು ಸಿಝಲ್. ಇಡ್ಲಿಪಾತ್ರೆಯ ಹಬೆ ಸುಸ್ಸೆನ್ನುವುದು ಹಿಸ್, ಹಾವಿನ ಬುಸ್ಸಿಗೂ ಅದೇ. ಸ್ಟೀಲಿನ ತಟ್ಟೆಗಳನ್ನು ಒಟ್ಟಿಗೆ ತೊಟ್ಟಿಗೆ ಸುರಿದರೆ ಕ್ಲ್ಯಾಟರ್. ಎರಡು ಗ್ಲಾಸು ಟಿಣ್ ಎಂದು ತಾಗಿದರೆ ಕ್ಲಿಂಕ್. ಬಶಿಗೆ ಸುರಿದ ಚಹಾವನ್ನು ಸೊರ್ರೆಂದು ಎಳೆಯುವುದು ಸ್ಲರ್ಪ್. ಗ್ಲಾಸು ಕೈಜಾರಿ ಒಡೆದರೆ ಕ್ರ್ಯಾಶ್. ಆಮೇಲೆ ಗಲ್ಲಾದಿಂದ ಬರುವುದು ರೋರ್.

ನಮ್ಮ ವ್ಯಾಕರಣದಲ್ಲಿ ಇಂಥವಕ್ಕೆ ಅನುಕರಣಾವ್ಯಯ ಎನ್ನುತ್ತಾರೆ. ಗಲಗಲ, ದಬದಬ, ಸರಸರ, ಪಿಸಪಿಸ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟೆಲರ ಕನ್ನಡ-ಇಂಗ್ಲಿಷ್ ನಿಘಂಟನ್ನು ಎಲ್ಲಿಯಾದರೂ ಸಿಕ್ಕಿದರೆ ತಿರುವಿ ನೋಡು, ಆ ಜರ್ಮನ್ ಪಾದ್ರಿ ನಮ್ಮ ಇಂಥ ಸದ್ದುಗಳನ್ನು ಎಷ್ಟು ಶ್ರದ್ಧೆಯಿಂದ ಹೆಕ್ಕಿದ್ದಾರೆ ಎಂದು ಗೊತ್ತಾಗುತ್ತದೆ. ಸದ್ದಿನ ವಿಷಯದಲ್ಲಿ ಕನ್ನಡದವರು ಬಡವರಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಶಬ್ದ ಹೊಕ್ಕುಳಿನ ಬುಡದಿಂದ ಕಹಳೆಯ ಹಾಗೆ ಹುಟ್ಟುತ್ತದೆ, ಅದರ ಬಣ್ಣ ಬಿಳಿ ಎಂದಿದ್ದಾನೆ. ಸದ್ದಿಗೂ ಬಣ್ಣ ಕಂಡವರ ಪೈಕಿ ನಾವು.

ನಾನು ತಡವಾಗಿ ಕಂಡುಕೊಂಡ ಒಂದು ಗುಟ್ಟು ಹೇಳುತ್ತೇನೆ, ಇದು ನಿನ್ನ ಯಾವ ಪಟ್ಟಿಯಲ್ಲೂ ಇಲ್ಲ. ದೇವರ ಮನೆಯ ಪುಟ್ಟ ಗಂಟೆ ಕಿಣಿಕಿಣಿ ಎನ್ನುತ್ತದೆ, ದೇವಸ್ಥಾನದ್ದು ಗಣಗಣ ಅಥವಾ ಢಣಢಣ. ಸಣ್ಣ ಮಳೆ ಪಿಟಿಪಿಟಿ, ದೊಡ್ಡ ಹನಿ ಪಟಪಟ. ಇಕಾರ ಬಂದಲ್ಲಿ ವಸ್ತು ಸಣ್ಣದು, ಅಕಾರ ಬಂದಲ್ಲಿ ದೊಡ್ಡದು. ಇಂಗ್ಲಿಷಿನವರ ಕಿವಿಯೂ ಬಹಳ ಕಡೆ ಹೀಗೇ ಕೇಳಿದೆ: ಗ್ಲಾಸು ಕ್ಲಿಂಕ್, ಸರಪಳಿ ಕ್ಲ್ಯಾಂಕ್, ಇನ್ನೂ ಭಾರದ್ದಾದರೆ ಕ್ಲಂಕ್. ಪದದ ಬಾಲವನ್ನೂ ನೋಡು. ಸ್ನ್ಯಾಪ್, ಟ್ಯಾಪ್, ಕ್ಲ್ಯಾಪ್, ಪಾಪ್ — ಪಕಾರದಲ್ಲಿ ತುಟಿ ಮುಚ್ಚಿತು, ಸದ್ದೂ ಅಲ್ಲಿಗೇ ನಿಂತಿತು. ರಿಂಗ್, ಕ್ಲ್ಯಾಂಗ್, ಬೂಮ್, ಹಮ್ — ಮೂಗಿನಲ್ಲಿ ಮುಗಿಯುವ ಇವುಗಳ ಗುಂಗು ಮಾತ್ರ ಉಳಿಯುತ್ತದೆ. ಎಲ್ಲ ಪದಕ್ಕೂ ಈ ಲೆಕ್ಕ ಕೂಡುವುದಿಲ್ಲ, ಹಟ ಹಿಡಿಯಬೇಡ. ಆದರೆ ಹತ್ತರಲ್ಲಿ ಆರನ್ನು ನೆನಪಿಡಲು ಸಾಕು.

ಕಲಿಯಲು ನಾವಿರುವ ಘಾಟ್ಕೋಪರಿಗಿಂತ ಒಳ್ಳೆಯ ಶಾಲೆ ಎಲ್ಲಿದೆ? ತಲೆಯ ಮೇಲೆ ವಿಮಾನ ಇಳಿಯುತ್ತದೆ. ದೂರದಲ್ಲಿರುವಾಗ ಡ್ರೋನ್, ಹತ್ತಿರ ಬಂದರೆ ರೋರ್. ಡ್ರೋನ್ ಅಂದರೆ ಮದುವೆಮನೆಯಲ್ಲಿ ಫೋಟೋ ಹಿಡಿಯುವ ಯಂತ್ರ ಮಾತ್ರ ಅಲ್ಲ. ಗಂಡು ಜೇನ್ನೊಣಕ್ಕೆ ಆ ಹೆಸರು, ಅದರ ಒಂದೇ ಸಮನೆ ಗುಂಯ್‌ಗುಡುವಿಕೆಗೂ ಅದೇ, ನಮ್ಮ ಯಕ್ಷಗಾನದ ಶ್ರುತಿಪೆಟ್ಟಿಗೆಯ ನಾದಕ್ಕೂ ಅದೇ. ಕೆಳಗೆ ಸ್ಟೇಷನ್ ರಸ್ತೆಯ ರಿಕ್ಷಾಗಳು ಹಾಂಕ್ ಮಾಡುತ್ತವೆ. ಅದು ಹಂಸಬಾತಿನ ಕೂಗಿನಿಂದ ಹಾರ್ನಿಗೆ ಬಂದ ಪದ. ಹಾರ್ನ್ ಹೊಡೆದ ಎಂಬುದನ್ನು ಹಾಗೆಯೇ ಇಂಗ್ಲಿಷಿಗೆ ಎತ್ತಿ ಇಡಬೇಡ, ಹಾರ್ನಿಗೇ ಪೆಟ್ಟು ಬಿದ್ದೀತು. ಮುಂಬಯಿ ಪೊಲೀಸರು ಕೆಲವು ಸಿಗ್ನಲುಗಳಿಗೆ ಡೆಸಿಬೆಲ್ ಮಾಪಕ ಕಟ್ಟಿದ ವಿಡಿಯೋ 2020ರ ಜನವರಿಯಲ್ಲಿ ನಿನಗೂ ಮೊಬೈಲಿನಲ್ಲಿ ಬಂದಿರಬೇಕು: ಹಾರ್ನಿನ ಸದ್ದು 85 ದಾಟಿದರೆ ಕೆಂಪುದೀಪ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಡೆಸಿಬೆಲ್‌ನ ಬೆಲ್ ಗಂಟೆಯಲ್ಲ, ಟೆಲಿಫೋನಿನ ಗ್ರಹಾಂ ಬೆಲ್. ಆತನ ತಾಯಿಗೂ ಹೆಂಡತಿಗೂ ಕಿವಿ ಕೇಳಿಸುತ್ತಿರಲಿಲ್ಲ.

ಮೆಟ್ರೋ ಹತ್ತಿದ ಮೇಲೆ ಜಾಗೃತಿ ನಗರ, ಅಸಲ್ಫಾ, ಸಾಕಿನಾಕಾ ದಾಟಿ ಚಕಾಲಾ ಬರುವವರೆಗಾದರೂ ಇಯರ್‌ಫೋನು ತೆಗೆದಿಡು. ಬಾಗಿಲು ಮುಚ್ಚುವ ಮೊದಲಿನ ಸದ್ದು ಬೀಪೋ ಚೈಮೋ, ಗಾಲಿ ಹಳಿಯ ತಿರುವಿನಲ್ಲಿ ಸ್ಕ್ರೀಚ್ ಮಾಡುತ್ತದೋ ಸ್ಕ್ವೀಕ್ ಮಾಡುತ್ತದೋ, ಹತ್ತಿರದ ಇಬ್ಬರು ಹೆಂಗಸರದು ವಿಸ್ಪರೋ ಮರ್ಮರೋ. ಮರ್ಮರ ನಮ್ಮಲ್ಲೂ ಉಂಟು, ಎಲೆಗಳದ್ದು. ಅವರ ಮಾತು ತಾನಾಗಿ ಕಿವಿಗೆ ಬಿದ್ದರೆ ಓವರ್‌ಹಿಯರ್, ನೀನಾಗಿ ಕದ್ದು ಕೇಳಿದರೆ ಈವ್ಸ್‌ಡ್ರಾಪ್. ಈ ಎರಡನೆಯದು ನಮ್ಮ ಊರಿನ ಪದವೇ ಅನ್ನಬೇಕು. ಈವ್ಸ್ ಅಂದರೆ ಮಾಡಿನ ಅಂಚು, ಸೂರು. ಸೂರಿನ ನೀರು ಬೀಳುವ ಜಾಗದಲ್ಲಿ ನಿಂತು ಒಳಗಿನ ಮಾತಿಗೆ ಕಿವಿ ಹಚ್ಚುವವನ ಮೇಲೆ ಹಿಂದೆ ಇಂಗ್ಲೆಂಡಿನಲ್ಲಿ ಕೇಸು ಹಾಕುತ್ತಿದ್ದರಂತೆ. ಆಷಾಢದಲ್ಲಿ ನಿನ್ನ ಅಜ್ಜಿಮನೆಯ ಜಗಲಿಯಾಚೆ ಹಾಗೆ ನಿಂತರೆ ನೆನೆದು ಒದ್ದೆಯಾದೀತೇ ಹೊರತು ಏನೂ ಕೇಳಿಸದು.

ಆಫೀಸಿನ ಮಾತಿಗೆ ಬರುತ್ತೇನೆ. ಇಲ್ಲಿ ಎಲ್ಲರೂ ಆಮ್ ಐ ಆಡಿಬಲ್ ಎನ್ನುತ್ತಾರೆ. ನಮ್ಮ ನಮ್ಮೊಳಗೆ ನಡೆಯುತ್ತದೆ. ಪರದೇಶದ ಗಿರಾಕಿಯ ಹತ್ತಿರ ಕ್ಯಾನ್ ಯು ಹಿಯರ್ ಮಿ ಅನ್ನು, ಸರಳ. ಐ ಆಮ್ ಹಿಯರಿಂಗ್ ಯು ಬೇಡ, ಐ ಕ್ಯಾನ್ ಹಿಯರ್ ಯು ಸಾಕು. ಯುವರ್ ವಾಯ್ಸ್ ಈಸ್ ಬ್ರೇಕಿಂಗ್ ಎಂದರೆ ಗಂಡುಹುಡುಗನ ದನಿ ಹದಿಮೂರು ಹದಿನಾಲ್ಕಕ್ಕೆ ಒಡೆಯುವುದೆಂದು ಅರ್ಥ. ಲೈನು ತುಂಡಾಗುತ್ತಿದ್ದರೆ ಯು ಆರ್ ಬ್ರೇಕಿಂಗ್ ಅಪ್. ಮತ್ತೆ ಮುಖ್ಯವಾದದ್ದು, ಒಂದು ಮಾತು ಅರ್ಥವಾಗದಿದ್ದರೆ ಎಸ್ ಎಸ್ ಎಂದು ತಲೆಯಾಡಿಸಬೇಡ. ಕೇಳಿಸದಿದ್ದರೆ ಕೇಳು. ಸಾರಿ, ಐ ಡಿಡಂಟ್ ಕ್ಯಾಚ್ ದ್ಯಾಟ್ ಅನ್ನುವುದರಲ್ಲಿ ಯಾವ ಮರ್ಯಾದೆಯೂ ಹೋಗುವುದಿಲ್ಲ. ಮರ್ಯಾದೆಗೆ ಅಂಜಿ ಹತ್ತು ವರ್ಷ ಎಸ್ ಎಂದವನು ನಾನು. ಮೂರು ತಟ್ಟೆ ಎಂದವರಿಗೆ ಮೂವತ್ತು ಕಟ್ಟಿಕೊಟ್ಟದ್ದೂ ಉಂಟು.

ಕಿವಿ ಕೆಟ್ಟ ಮೇಲೆ ಕಲಿತದ್ದೇ ಹೆಚ್ಚು. ಡಾಕ್ಟರರು ರಿಂಗಿಂಗೋ, ಬಝಿಂಗೋ, ಹಿಸ್ಸಿಂಗೋ ಎಂದು ಕೇಳಿದರು. ನನಗೆ ಗೊತ್ತಿದ್ದದ್ದು ಗುಂಯ್ ಒಂದೇ. ಅದನ್ನೇ ಹೇಳಿದೆ, ಹೇಳುವಾಗ ಕೈಯನ್ನು ತಲೆಯ ಸುತ್ತ ತಿರುಗಿಸಿದೆ. ಆ ಮರಾಠಿ ಡಾಕ್ಟರು ಬಝಿಂಗ್ ಎಂದು ಬರೆದುಕೊಂಡರು, ಸರಿಯಾಗಿಯೇ ಬರೆದರು. ಆ ಕಾಯಿಲೆಗೆ ಟಿನೈಟಸ್ ಎಂದು ಹೆಸರು, ಲ್ಯಾಟಿನ್ ಭಾಷೆಯ ಗಂಟೆ ಬಾರಿಸುವ ಪದದಿಂದ ಬಂದದ್ದು. ಟಿಣ್ ಎಂಬುದು ಅಲ್ಲಿಯೂ ಇದೆ ನೋಡು. ಅಂದಹಾಗೆ ನನ್ನ ಬಗ್ಗೆ ಯಾರಿಗಾದರೂ ಹೇಳುವಾಗ ಹಾರ್ಡ್ ಆಫ್ ಹಿಯರಿಂಗ್ ಅನ್ನು. ನೀನು ಮೊನ್ನೆ ಪಕ್ಕದ ಮನೆಯ ಗುಜರಾತಿ ಬೆನ್‌ಗೆ ಹಾರ್ಡ್ಲಿ ಹಿಯರಿಂಗ್ ಎಂದದ್ದು ಯಂತ್ರ ಹಾಕಿದ್ದರಿಂದ ನನಗೆ ಕೇಳಿಸಿತು. ಪೂರಾ ಕೇಳಿಸದವರು ಡೆಫ್. ಅದರ ಹಿಂದೆ ಡಂಬ್ ಅಂಟಿಸುವ ಹಳೆಯ ಚಾಳಿ ನಿನಗೆ ಬೇಡ, ಈಗ ಅದು ದಡ್ಡ ಎಂಬ ಬೈಗಳು.

ಮೌನದ ಪದಗಳು ಕಡಿಮೆ, ಆದರೆ ಜಾರುವುದು ಅಲ್ಲೇ. ಕ್ವಾಯೆಟ್ ಅಂದರೆ ಸದ್ದು ಸಣ್ಣದು, ಇಲ್ಲವೇ ಇಲ್ಲ ಎಂದಲ್ಲ. ಫ್ಯಾನು ಕ್ವಾಯೆಟ್ ಆಗಿ ತಿರುಗಬಹುದು. ಸೈಲೆಂಟ್ ಅಂದರೆ ಪೂರಾ ನಿಶ್ಶಬ್ದ. ಸ್ಟಿಲ್ ಅಂದರೆ ಎಲೆಯೂ ಅಲ್ಲಾಡದ ನೀರವ. ಮ್ಯೂಟ್ ನಿನ್ನ ಫೋನಿನ ಗುಂಡಿ. ಕ್ವೈಟ್ ಎಂಬ ಇನ್ನೊಂದಿದೆ, ಅಕ್ಷರ ಹಿಂದುಮುಂದಾದರೆ ಮೌನ ಹೋಗಿ ಸಾಕಷ್ಟು ಎಂದಾಗುತ್ತದೆ, ಇಮೇಲ್ ಬರೆಯುವಾಗ ಜಾಗ್ರತೆ. ಆಸ್ಪತ್ರೆಯ ಬಳಿಯ ಸೈಲೆನ್ಸ್ ಝೋನ್ ಬೋರ್ಡು ನೋಡಿ ಮೋಸಹೋಗಬೇಡ. 2000ದ ಶಬ್ದಮಾಲಿನ್ಯ ನಿಯಮದಲ್ಲಿ ಮೌನವಲಯಕ್ಕೂ ಹಗಲು 50, ರಾತ್ರಿ 40 ಡೆಸಿಬೆಲ್ ಇರಬಹುದು ಎಂದಿದೆ. ಸರ್ಕಾರದ ಸೈಲೆನ್ಸ್ ನಿಜದಲ್ಲಿ ಕ್ವಾಯೆಟ್. ನಮ್ಮ ಸುಮ್ಮನೆಗೆ ಮಾತ್ರ ಅವರಲ್ಲಿ ಜೋಡಿ ಸಿಕ್ಕಲಿಲ್ಲ. ಸುಮ್ಮನಿರು, ಸುಮ್ಮನೆ ಬಂದೆ, ಸುಮ್ಮನೆ ಕೊಟ್ಟ — ಒಂದೊಂದಕ್ಕೂ ಬೇರೆ ಬೇರೆ ಇಂಗ್ಲಿಷು ಹುಡುಕಬೇಕು. ಒಬ್ಬಳೇ ಕೂತು ಹುಡುಕಿ ನೋಡು, ಹೊತ್ತು ಹೋಗುತ್ತದೆ.

ಹಳೆಯ ಪಟ್ಟಿಯನ್ನು ಹರಿಯಬೇಡ. ಎಡಗಡೆಯ ಇಂಗ್ಲಿಷು ಇರಲಿ, ಬಲಗಡೆಯದನ್ನು ಅಳಿಸಿ, ಆ ಸದ್ದನ್ನು ಎಲ್ಲಿ ಕೇಳಿದೆ ಎಂದು ಬರೆ. ಥಡ್ ಎದುರು ತೆಂಗಿನಕಾಯಿ ಬಿದ್ದದ್ದು. ಕ್ರೀಕ್ ಎದುರು ನಮ್ಮ ಬಚ್ಚಲಿನ ಬಾಗಿಲು. ದಿನಕ್ಕೆ ಮೂರು ಸಾಕು.

ನನ್ನ ಯಂತ್ರ ಶೆಲ್ ಮುಗಿಯುವ ಮೊದಲು ಒಳಗಿನಿಂದ ಎರಡು ಸಲ ಏನೋ ಅನ್ನುತ್ತದೆ. ಬೀಪ್ ಅನ್ನಲೂ ಆಗುವುದಿಲ್ಲ, ಚರ್ಪ್ ಅನ್ನಲೂ ಆಗುವುದಿಲ್ಲ, ನನಗೊಬ್ಬನಿಗೇ ಕೇಳಿಸುವುದರಿಂದ ಯಾರ ಹತ್ತಿರವೂ ಕೇಳುವಂತಿಲ್ಲ. ಇವತ್ತು ಬೆಳಿಗ್ಗೆಯಿಂದ ಅನ್ನುತ್ತಾ ಇದೆ. ಸಂಜೆ ಬರುವಾಗ ಸ್ಟೇಷನ್ ಹತ್ತಿರದ ಮೆಡಿಕಲ್‌ನಲ್ಲಿ 312 ನಂಬರಿನ ಶೆಲ್ ಒಂದು ಎಲೆ ತೆಗೆದುಕೊಂಡು ಬಾ, ಕಂದು ಚೀಟಿಯದ್ದು. ಬಾಗಿಲು ಬಡಿದರೆ ನನಗೆ ಕೇಳಿಸದು, ಬೀಗದಕೈ ನಿನ್ನ ಚೀಲದಲ್ಲೇ ಇರಲಿ.