ಸಮಾಂತರ ರೇಖೆಗಳೂ ಸಮಾಂತರ ಸಮತಲಗಳೂ

ಎಷ್ಟು ದೂರ ಬೆಳೆಸಿದರೂ ಒಂದನ್ನೊಂದು ಸಂಧಿಸದ ಸರಳರೇಖೆಗಳು ಸಮಾಂತರ ರೇಖೆಗಳು. ವಿದ್ಯಾರ್ಥಿಗಳನೇಕರು ಲಕ್ಷಣವನ್ನು ಇಷ್ಟಕ್ಕೇ ನಿಲ್ಲಿಸುವುದುಂಟು. ಆದರೆ ಆ ರೇಖೆಗಳು ಒಂದೇ ಸಮತಲದಲ್ಲಿರಬೇಕೆಂದು ಯೂಕ್ಲಿಡನು ಸ್ಪಷ್ಟವಾಗಿ ಹೇಳಿದ್ದಾನೆ. ಈ ಮಾತನ್ನು ಬಿಟ್ಟರೆ ಲಕ್ಷಣವೇ ಕೆಡುತ್ತದೆ.

ಗೋಕಾಕ ತಾಲ್ಲೂಕಿನ ಅಂಕಲಗಿಯ ಕಡೆ ಮಟ್ಟಸವಾದ ಹೊಲವೊಂದರಲ್ಲಿ ಕೂರಿಗೆ ಹೂಡಿದ್ದಾರೆನ್ನಿ. ತಾಳುಗಳ ನಡುವಣ ಅಂತರ ಬದಲಾಗದು. ಕೂರಿಗೆ ನೇರವಾಗಿ ನಡೆದಷ್ಟು ದೂರವೂ ಬಿತ್ತಿದ ಸಾಲುಗಳು ಸಮಾಂತರ. ಮುಂದೆ ಎಡೆಕುಂಟೆ ಹಾಯುವುದು ಈ ಗುಣದ ಬಲದಿಂದಲೇ. ಸಾಲುಗಳು ಕೂಡುತ್ತ ಬಂದರೆ ಕುಂಟೆಯು ಕಳೆಯೊಡನೆ ಪೈರನ್ನೂ ಕೊಯ್ಯುವುದು. ಇಲ್ಲಿ ಸಮತಲದ ಪ್ರಶ್ನೆಯೇ ಏಳದು. ಹೊಲವೇ ಆ ಸಮತಲ.

ಇನ್ನು ಗೋಕಾಕ ಜಲಪಾತಕ್ಕೆ ಬರೋಣ. ಘಟಪ್ರಭೆಯು ಸುಮಾರು 52 ಮೀಟರು ಧುಮುಕುವ ತಾಣದ ಬಳಿ ನದಿಗೆ ಅಡ್ಡವಾಗಿ ತೂಗುಸೇತುವೆಯಿದೆ. ಸೇತುವೆಯನ್ನು ಒಂದು ಸರಳರೇಖೆಯೆಂದೂ ಕೆಳಗಿನ ಹೊನಲನ್ನು ಇನ್ನೊಂದೆಂದೂ ಭಾವಿಸಿರಿ. ಎಷ್ಟು ಬೆಳೆಸಿದರೂ ಅವು ಸಂಧಿಸವು, ಆದರೂ ಸಮಾಂತರವಲ್ಲ. ಎರಡನ್ನೂ ಒಳಗೊಳ್ಳುವ ಸಮತಲವೇ ಇಲ್ಲ. ಇಂಥವು ವಿಷಮತಲೀಯ ರೇಖೆಗಳು.

ಸಮತಲಗಳಿಗೆ ಈ ತೊಡಕಿಲ್ಲ: ಸಂಧಿಸದ ಎರಡು ಸಮತಲಗಳು ಸಮಾಂತರವೇ. ಅವನ್ನು ಮೂರನೆಯ ಸಮತಲವೊಂದು ಛೇದಿಸಿದರೆ ಛೇದನರೇಖೆಗಳೂ ಸಮಾಂತರವಾಗಿರುವುವು. ಸಾಧನೆ ಸುಲಭ. ಎರಡು ರೇಖೆಗಳೂ ಮೂರನೆಯ ಸಮತಲದಲ್ಲಿವೆ. ಅವು ಒಂದು ಬಿಂದುವಿನಲ್ಲಿ ಸಂಧಿಸಿದರೆ ಆ ಬಿಂದುವು ಮೊದಲಿನ ಎರಡು ಸಮತಲಗಳಲ್ಲಿಯೂ ಇರಬೇಕಾಗುವುದು; ಅದು ಅಸಾಧ್ಯ.

ಜಲಪಾತದ ಬಂಡೆಯು ಪದರುಪದರಾದ ಮರಳುಗಲ್ಲು. ಪದರುಗಳನ್ನು ಸಮತಲಗಳೆಂದೂ ಬಂಡೆಯ ಕಡಿದಾದ ಮುಖವನ್ನು ಛೇದಕವೆಂದೂ ಎಣಿಸಿದರೆ, ಮುಖದ ಮೇಲೆ ಕಾಣುವ ಗೆರೆಗಳೇ ಛೇದನರೇಖೆಗಳು. ಗೆರೆಗಳು ಸಮಾಂತರವಾಗಿವೆಯೆಂದ ಮಾತ್ರಕ್ಕೆ ಪದರುಗಳೂ ಸಮಾಂತರವೆನ್ನಬಹುದೇ? ಅವಸರ ಬೇಡ. ಆಯತಾಕಾರದ ರಟ್ಟೊಂದನ್ನು ನಡುವೆ ಮಡಿಸಿ, ಮಡಿಕೆ ನೆಟ್ಟಗಿರುವಂತೆ ಮೇಜಿನ ಮೇಲೆ ನಿಲ್ಲಿಸಿರಿ. ಎರಡು ಹೊರ ಅಂಚುಗಳು ಪರಸ್ಪರ ಸಮಾಂತರ. ಭಾಗಗಳೆರಡಾದರೋ ಮಡಿಕೆಯಲ್ಲಿ ಕೂಡಿಯೇ ಇವೆ!

ಆದುದರಿಂದ ಒಂದು ಮುಖದ ಸಾಕ್ಷ್ಯ ಸಾಲದು. ಬೇರೆ ದಿಕ್ಕಿಗೆ ತಿರುಗಿದ ಇನ್ನೊಂದು ಮುಖದಲ್ಲಿಯೂ ಅದೇ ಎರಡು ಪದರುಗಳ ಗೆರೆಗಳು ಸಮಾಂತರವಾಗಿರಬೇಕು; ಒಂದೇ ಪದರು ಎರಡು ಮುಖಗಳಲ್ಲಿ ಮೂಡಿಸಿದ ಗೆರೆಗಳು ಮಾತ್ರ ಬೇರೆಬೇರೆ ದಿಕ್ಕಿನವಾಗಿರಬೇಕು. ಆಗ ಪದರುಗಳು ಸಮಾಂತರವೆನ್ನಲು ಅಡ್ಡಿಯಿಲ್ಲ. ಏಕೆಂದರೆ, ಅವು ಯಾವುದೋ ರೇಖೆಯಲ್ಲಿ ಕೂಡುವುದಾದರೆ ಎರಡು ಮುಖಗಳ ಗೆರೆಗಳೂ ಆ ಒಂದೇ ರೇಖೆಗೆ ಸಮಾಂತರವಾಗಿರಬೇಕಾಗುತ್ತಿತ್ತು; ಭಿನ್ನ ದಿಕ್ಕಿನ ಗೆರೆಗಳಿಗೆ ಅದು ಸಾಧ್ಯವಲ್ಲ. ಗೋಕಾಕದ ಬಂಡೆಯು ಕುದುರೆಲಾಳದಂತೆ ಬಾಗಿರುವುದರಿಂದ ಅಂಥ ಮುಖಗಳು ಅಲ್ಲಿಯೇ ದೊರೆಯುತ್ತವೆ. ಬೇಸಗೆಯಲ್ಲಿ ನೀರು ಇಳಿದಾಗ ನೋಡುವುದು ಮೇಲು.