ಕಬ್ಬಿನ ಸಿಹಿ

ಮಂಡ್ಯದ ಸೀಮೆಯ ಕಬ್ಬಿನ ಗದ್ದೆಯ ಮಣ್ಣಿನಲ್ಲಿ ಸಿಹಿಯಿಲ್ಲ. ಕಾಲುವೆಯಲ್ಲಿ ಹರಿದುಬರುವ ಕಾವೇರಿಯ ನೀರಿನಲ್ಲಿ ಸಕ್ಕರೆಯಿಲ್ಲ. ಗರಿಗಳ ನಡುವೆ ಸುಳಿಯುವ ಗಾಳಿಯಲ್ಲಿಯೂ ಅದಿಲ್ಲ. ಆದರೂ ಅದೇ ಗದ್ದೆಯ ಕಬ್ಬನ್ನು ಆಲೆಮನೆಯ ಗಾಣಕ್ಕೆ ಕೊಟ್ಟೊಡನೆ ಸಿಹಿಯಾದ ರಸ ಧಾರೆಯಾಗಿ ಹರಿಯುತ್ತದೆ. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪಿತವಾಯಿತು. ಆದರೆ ಯಾವ ಕಾರ್ಖಾನೆಯೂ ಸಕ್ಕರೆಯನ್ನು ಸೃಷ್ಟಿಸುವುದಿಲ್ಲ; ರಸದಲ್ಲಿರುವುದನ್ನು ಬೇರ್ಪಡಿಸುತ್ತದೆ, ಅಷ್ಟೆ. ಸಕ್ಕರೆಯ ನಿಜವಾದ ಕಾರ್ಖಾನೆ ಹಸುರೆಲೆ.

ಗಿಡವು ತನ್ನ ಮೈಯನ್ನು ಯಾವುದರಿಂದ ಕಟ್ಟಿಕೊಳ್ಳುತ್ತದೆ ಎಂಬ ಪ್ರಶ್ನೆ ಬಹುಕಾಲ ವಿದ್ವಾಂಸರನ್ನು ಕಾಡಿತ್ತು. ಹದಿನೇಳನೆಯ ಶತಮಾನದಲ್ಲಿ ವಾನ್ ಹೆಲ್ಮಾಂಟನು 200 ಪೌಂಡು ಒಣಮಣ್ಣಿನಲ್ಲಿ 5 ಪೌಂಡು ತೂಕದ ವಿಲ್ಲೋ ಸಸಿಯೊಂದನ್ನು ನೆಟ್ಟು, ಐದು ವರ್ಷ ನೀರನ್ನಷ್ಟೇ ಎರೆದನು. ಮರದ ತೂಕ 169 ಪೌಂಡಿಗೇರಿತು. ಮಣ್ಣು ಸವೆದದ್ದು ಸುಮಾರು 2 ಔನ್ಸ್ ಮಾತ್ರ. ನೀರೇ ಮರವಾಯಿತೆಂದು ಅವನು ತೀರ್ಮಾನಿಸಿದನು. ಆದರೆ ಅದು ಅರ್ಧಸತ್ಯ. ಗಾಳಿಯ ಪಾಲು ಅವನಿಗೆ ಹೊಳೆಯಲಿಲ್ಲ. ಗಿಡದ ಹಸಿರು ಭಾಗಗಳು ಬೆಳಕಿನಲ್ಲಿ ಮಾತ್ರ ಆಮ್ಲಜನಕವನ್ನು ಹೊರಬಿಡುತ್ತವೆಂಬುದನ್ನು 1779ರಲ್ಲಿ ಇಂಗೆನ್‌ಹೌಸನು ತೋರಿಸಿಕೊಟ್ಟನು.

ಎಲೆಯ ಮೈಮೇಲೆ ಬರಿಗಣ್ಣಿಗೆ ಕಾಣದ ಪತ್ರರಂಧ್ರಗಳಿವೆ. ಅವುಗಳ ಮೂಲಕ ಇಂಗಾಲದ ಡೈಆಕ್ಸೈಡ್ ಒಳಸೇರುತ್ತದೆ. ಬೇರು ಹೀರಿದ ನೀರು ಕಾಂಡದ ಮೂಲಕ ಎಲೆಗೆ ಏರುತ್ತದೆ. ಎಲೆಗೆ ಹಸಿರು ಬಣ್ಣ ಕೊಡುವ ಪತ್ರಹರಿತ್ತು ಸೂರ್ಯನ ಬೆಳಕನ್ನು ಹಿಡಿಯುತ್ತದೆ. ಆ ಶಕ್ತಿಯಿಂದ ನೀರು ಒಡೆದು ಆಮ್ಲಜನಕ ಹೊರಬೀಳುತ್ತದೆ. ಇಂಗಾಲದ ಡೈಆಕ್ಸೈಡ್ ಸಕ್ಕರೆಯಾಗಿ ಮಾರ್ಪಡುತ್ತದೆ. ಇದೇ ದ್ಯುತಿಸಂಶ್ಲೇಷಣೆ. ಗಾಳಿಯ ಹತ್ತು ಸಾವಿರ ಭಾಗಗಳಲ್ಲಿ ಈ ಅನಿಲವಿರುವುದು ನಾಲ್ಕು ಭಾಗಗಳಷ್ಟು ಮಾತ್ರ. ಇಷ್ಟು ವಿರಳವಾದುದನ್ನು ಹಿಡಿದಿಡುವುದರಲ್ಲಿ ಕಬ್ಬು ಬಲು ನಿಪುಣ. ಅದಕ್ಕಾಗಿ ಕಬ್ಬಿನ ಎಲೆಯಲ್ಲಿರುವ ವಿಶೇಷ ಮಾರ್ಗವನ್ನು ಆಸ್ಟ್ರೇಲಿಯದ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬ ವಿಜ್ಞಾನಿಗಳು 1966ರಲ್ಲಿ ವಿವರಿಸಿದರು. ಈ ಮಾರ್ಗದಿಂದಾಗಿ ಕಡುಬಿಸಿಲಿನಲ್ಲಿಯೂ ಕಬ್ಬಿನ ಎಲೆ ಚುರುಕಾಗಿ ದುಡಿಯುತ್ತದೆ.

ಎಲೆ ದುಡಿದದ್ದೆಲ್ಲ ಎಲೆಯಲ್ಲಿಯೇ ಉಳಿಯುವುದಿಲ್ಲ. ಸಕ್ಕರೆಯು ಸುಕ್ರೋಸ್ ರೂಪದಲ್ಲಿ ನೀರಿನಲ್ಲಿ ಕರಗಿ, ಆಹಾರವನ್ನು ಸಾಗಿಸುವ ನಾಳಗಳ ಮೂಲಕ ಬೇರಿಗೂ ಸುಳಿಗೂ ಹೋಗುತ್ತದೆ. ಅದರಲ್ಲಿ ಒಂದು ಭಾಗ ಉಸಿರಾಟದಲ್ಲಿ ವ್ಯಯವಾಗಿ ಜೀವಕ್ಕೆ ಶಕ್ತಿ ಕೊಡುತ್ತದೆ. ಮತ್ತೊಂದು ಭಾಗ ನಾರಾಗಿ ಮೈ ಕಟ್ಟುತ್ತದೆ. ಉಳಿದದ್ದು ಕೂಡಿಡುವ ಗಂಟು. ಭತ್ತ ಅದನ್ನು ಕಾಳಿನಲ್ಲಿ ಪಿಷ್ಟವಾಗಿಯೂ, ನೆಲಗಡಲೆ ಬೀಜದಲ್ಲಿ ಎಣ್ಣೆಯಾಗಿಯೂ ಕೂಡಿಡುತ್ತವೆ; ಕಬ್ಬು ಜಲ್ಲೆಯಲ್ಲಿ ಸಕ್ಕರೆಯಾಗಿಯೇ ಇಡುತ್ತದೆ. ಬೆಳೆಯುತ್ತಿರುವ ಸುಳಿಯ ಭಾಗದಲ್ಲಿ ಖರ್ಚು ಹೆಚ್ಚು. ಆದುದರಿಂದ ಅದು ಸಪ್ಪೆ. ಬಲಿತ ಬುಡದ ಗೆಣ್ಣುಗಳಲ್ಲಿ ಉಳಿತಾಯ ಹೆಚ್ಚು. ಆದುದರಿಂದ ಅಲ್ಲಿ ಸಿಹಿ. ಕಟಾವಿಗೆ ಮುನ್ನ ರೈತನು ನೀರು ನಿಲ್ಲಿಸುವುದೂ ಇದೇ ಕಾರಣಕ್ಕೆ. ಬೆಳವಣಿಗೆ ತಗ್ಗಿದರೆ ಖರ್ಚು ತಗ್ಗಿ, ಸಕ್ಕರೆ ಜಲ್ಲೆಯಲ್ಲಿ ಶೇಖರವಾಗುತ್ತದೆ.

ಕಡಿದೊಡನೆ ಕಬ್ಬಿನ ಸಂಪಾದನೆ ನಿಲ್ಲುತ್ತದೆ, ಖರ್ಚು ನಿಲ್ಲುವುದಿಲ್ಲ. ಜಲ್ಲೆ ಇನ್ನೂ ಉಸಿರಾಡುತ್ತಿರುತ್ತದೆ. ಅದರೊಳಗಿನ ಕಿಣ್ವಗಳು ಸುಕ್ರೋಸನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳಾಗಿ ಒಡೆಯುತ್ತವೆ. ಕಡಿದ ಕಬ್ಬು ದಿನಗಟ್ಟಲೆ ಬಿಸಿಲಿನಲ್ಲಿ ಕಾದು ನಿಂತರೆ ತೂಕವೂ ಸಕ್ಕರೆಯೂ ಕುಗ್ಗುತ್ತವೆ. ಅಂಥ ಕಬ್ಬಿನ ಪಾಕದಿಂದ ಗಟ್ಟಿಯಾದ ಬೆಲ್ಲದಚ್ಚು ಏಳುವುದಿಲ್ಲ. ಎಲೆ ವರ್ಷವಿಡೀ ಕೂಡಿಟ್ಟದ್ದು, ರೈತ ವರ್ಷವಿಡೀ ಬೆವರು ಸುರಿಸಿ ಕಾದದ್ದು, ಕೆಲವೇ ದಿನಗಳ ವಿಳಂಬದಲ್ಲಿ ಸೋರಿಹೋಗುತ್ತದೆ. ಆದಕಾರಣ ಕಡಿದ ಕಬ್ಬು ಬೇಗನೆ ಗಾಣ ಸೇರಬೇಕು.

ಮನುಷ್ಯನು ಉಣ್ಣುವ ಅನ್ನ, ಉಡುವ ಹತ್ತಿ, ಒಲೆಯಲ್ಲಿ ಉರಿಸುವ ಸೌದೆ, ಇವೆಲ್ಲ ಎಲೆಯ ಗಳಿಕೆಯ ಬೇರೆ ಬೇರೆ ರೂಪಗಳೇ. ಒಂದು ಚೂರು ಬೆಲ್ಲದಲ್ಲಿ ಗದ್ದೆಯ ನೀರು, ಊರಿನ ಗಾಳಿ ಮತ್ತು ಕಳೆದುಹೋದ ದಿನಗಳ ಬಿಸಿಲು ಒಟ್ಟುಗೂಡಿವೆ. ಅದನ್ನು ಅರಿತವನು ಹಸುರೆಲೆಯನ್ನು ಸುಮ್ಮನೆ ಕೀಳಲಾರನು.