ಆವರ್ತ ಕೋಷ್ಟಕದ ಎರಡು ಮನೆಗಳು



ವಿಜ್ಞಾನದ ಕೋಣೆಯ ಗೋಡೆಪಟದ ಹತ್ತಿರ ಕನ್ನಡದ ಮಾಸ್ತರರಿಗೇನು ಕೆಲಸ ಎಂದು ನೀವು ಕೇಳಬಹುದು. ಅದೂ ಓದಬೇಕಾದ ಬರಹವೇ. ಅದರ ಲಿಪಿ ತಿಳಿಯದೆ ನಾನು ಅಂಕ ಕಳೆದುಕೊಂಡವನು. ಅಕ್ಕಲಕೋಟೆ ತಾಲೂಕಿನ ಹಳ್ಳಿಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕನ್ನಡದಲ್ಲಿ ಕಲಿತು, ಮುಂದೆ ಸೋಲಾಪುರದಲ್ಲಿ ಮರಾಠಿಯಲ್ಲಿ ಓದಿದೆ. ಧಾತು ಹೋಗಿ ಮೂಲದ್ರವ್ಯ ಬಂತು, ಕೋಷ್ಟಕವು ಆವರ್ತಸಾರಣಿಯಾಯಿತು. ಈ ಗಡಿಬಿಡಿಯಲ್ಲಿ ಸೋಡಿಯಂನ ಸಂಕೇತ 'ಎಸ್' ಎಂದು ಬರೆದೆ. ಎಸ್ ಎಂಬುದು ಗಂಧಕದ್ದು. ಸೋಡಿಯಂನದು 'ಎನ್‌ಎ', ನೇಟ್ರಿಯಂ ಎಂಬ ಲ್ಯಾಟಿನ್ ಹೆಸರಿನಿಂದ ಬಂದದ್ದು. ಭಾಷೆ ಬದಲಾದರೂ ಸಂಕೇತ ಬದಲಾಗುವುದಿಲ್ಲ.

ಈಗ ಸೋಡಿಯಂನ ಮನೆಯನ್ನು ನೋಡಿರಿ. ಮೇಲೆ 11 ಎಂದಿದೆ. ಇದು ಪರಮಾಣು ಸಂಖ್ಯೆ, ಅಂದರೆ ನ್ಯೂಕ್ಲಿಯಸ್ಸಿನಲ್ಲಿರುವ ಪ್ರೋಟಾನುಗಳ ಎಣಿಕೆ. ಧಾತುವಿನ ಗುರುತು ಇದೇ. 12 ಆಯಿತೆಂದರೆ ಅದು ಮೆಗ್ನೀಶಿಯಂ. ಕೆಳಗಿನ 22.99 ಪರಮಾಣು ತೂಕ. ಅದನ್ನು 23 ಎಂದು ಹಿಡಿದು 11 ಕಳೆದರೆ 12 ನ್ಯೂಟ್ರಾನುಗಳು. ಆದರೆ ಈ ಲೆಕ್ಕ ಎಲ್ಲ ಕಡೆಯೂ ನಡೆಯದು. ಕ್ಲೋರಿನ್ನಿನ ತೂಕ 35.45, ಅರ್ಧ ನ್ಯೂಟ್ರಾನ್ ಎಲ್ಲಿಂದ ಬಂತು? ಪ್ರಕೃತಿಯಲ್ಲಿ 35 ಮತ್ತು 37 ತೂಕದ ಎರಡು ಬಗೆಯ ಕ್ಲೋರಿನ್ ಬೆರೆತಿವೆ. ಪಟದಲ್ಲಿರುವುದು ಅವುಗಳ ಸರಾಸರಿ.

ಮನೆ ಯಾವ ಸಾಲಿನಲ್ಲಿದೆ ಎಂಬುದೂ ಒಂದು ಮಾಹಿತಿಯೇ. ಸೋಡಿಯಂ ಮೂರನೆಯ ಅಡ್ಡಸಾಲಿನಲ್ಲಿದೆ. ಅದಕ್ಕೆ ಇಲೆಕ್ಟ್ರಾನುಗಳ ಮೂರು ಕವಚಗಳು: 2, 8, 1. ಒಂದನೆಯ ಕಂಬಸಾಲಿನಲ್ಲಿರುವುದರಿಂದ ಹೊರಕವಚದಲ್ಲಿ ಒಂದೇ ಇಲೆಕ್ಟ್ರಾನ್. ಅದನ್ನು ಕೊಟ್ಟುಬಿಡಲು ಸೋಡಿಯಂ ಕಾಯುತ್ತಿರುತ್ತದೆ, ಹದಿನೇಳನೆಯ ಸಾಲಿನ ಕ್ಲೋರಿನ್ ಪಡೆಯಲು ಕಾಯುತ್ತಿರುತ್ತದೆ. ನಿಮ್ಮ ಊಟದ ಉಪ್ಪು ಹೀಗಾದದ್ದು.

ಒಲೆಯ ಉರಿಗೆ ಒಂದು ಚಿಟಿಕೆ ಉಪ್ಪು ಬಿದ್ದರೆ ಜ್ವಾಲೆ ಹಳದಿಯಾಗುತ್ತದೆ. (ಪಾಲಕರೇ, ಇದನ್ನು ನೀವೇ ಮಾಡಿ ತೋರಿಸಿರಿ.) ಅದು ಸೋಡಿಯಂನ ಬೆಳಕು. ಈ ಹಳದಿಯೇ ಒಮ್ಮೆ ದೊಡ್ಡವರನ್ನೂ ತಪ್ಪುದಾರಿಗೆ ಎಳೆಯಿತು. ಸೋಲಾಪುರದಿಂದ ಭೀಮೆಯನ್ನು ದಾಟಿದರೆ ವಿಜಯಪುರ, ಅದರಾಚೆ ಜಮಖಂಡಿ. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣವನ್ನು ನೋಡಲು ಲೆಫ್ಟಿನಂಟ್ ಜಾನ್ ಹರ್ಷಲ್ ಜಮಖಂಡಿಗೆ ಬಂದಿದ್ದರು. ಮೋಡಗಳ ನಡುವೆ ಸಿಕ್ಕ ಸ್ವಲ್ಪ ಹೊತ್ತಿನಲ್ಲಿ, ಸೂರ್ಯನ ಅಂಚಿನ ಜ್ವಾಲೆಯ ಬೆಳಕನ್ನು ರೋಹಿತದರ್ಶಕದಿಂದ ಬಿಡಿಸಿ ನೋಡಿದರು. ಕೆಂಪು, ಕಿತ್ತಳೆ, ನೀಲಿ ಗೆರೆಗಳು ಕಂಡವು. ಕಿತ್ತಳೆಯದು ಸೋಡಿಯಂನದೇ ಎಂದು ಅವರು ತಿಳಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕಿಯರ್ ಅಳೆದು ನೋಡಿದಾಗ, ಆ ಗೆರೆ ಸೋಡಿಯಂನ ಗೆರೆಗಳ ತೀರ ಸಮೀಪದಲ್ಲಿದ್ದರೂ ಅವುಗಳ ಮೇಲೆ ಕೂಡುತ್ತಿರಲಿಲ್ಲ. ಅದು ಹೊಸ ಧಾತುವಿನದು. ಸೂರ್ಯನ ಗ್ರೀಕ್ ಹೆಸರು ಹೀಲಿಯೋಸ್, ಅದರಿಂದ ಹೀಲಿಯಂ. 1895ರಲ್ಲಿ ವಿಲಿಯಂ ರ‍್ಯಾಮ್ಸೆ ಯುರೇನಿಯಂನ ಒಂದು ಖನಿಜದಿಂದ ಹೊರಟ ಅನಿಲದಲ್ಲಿ ಅದೇ ಗೆರೆಯನ್ನು ಕಂಡರು.

ಹೀಲಿಯಂನ ಮನೆಯಲ್ಲಿ 2, 'ಎಚ್‌ಇ', 4.003 ಎಂದಿದೆ. ಇಲೆಕ್ಟ್ರಾನುಗಳು ಎರಡೇ ಆದರೂ ಅದನ್ನು ಎರಡನೆಯ ಸಾಲಿನಲ್ಲಿರಿಸಿಲ್ಲ, ಹದಿನೆಂಟನೆಯದರ ತುದಿಯಲ್ಲಿರಿಸಿದ್ದಾರೆ. ಮೊದಲ ಕವಚಕ್ಕೆ ಹಿಡಿಯುವುದೇ ಎರಡು. ಅದು ತುಂಬಿದೆ, ಹೀಲಿಯಂಗೆ ಕೊಡುವ ತಗಾದೆಯೂ ಇಲ್ಲ, ಕೊಳ್ಳುವ ತಗಾದೆಯೂ ಇಲ್ಲ.

ನಾಳೆ ಪಟದ ಮುಂದೆ ನಿಂತಾಗ 18 ಮತ್ತು 19ನೆಯ ಮನೆಗಳನ್ನು ನೋಡಿರಿ. ಆರ್ಗಾನ್ ತೂಕ 39.95, ಪೊಟ್ಯಾಶಿಯಂ ತೂಕ 39.10. ಭಾರವಾದದ್ದು ಮೊದಲು ಏಕೆ ಬಂತು? ಉತ್ತರ ಅವೇ ಎರಡು ಮನೆಗಳಲ್ಲಿ, ಮೇಲಿನ ಮೂಲೆಯಲ್ಲಿದೆ.